ಉಸಿರು ಕಾಯುವ ವಿದ್ಯೆ: ಮಿದುಳಿನ ಅರಿವಳಿಕೆ ಮತ್ತು ಚನ್ನರಾಯಪಟ್ಟಣದ ಹೆದ್ದಾರಿ

ಅರಿವು ಅಳಿಯುವಂತೆ ಮಾಡಿ ನೋವಿಲ್ಲದೆ ಶಸ್ತ್ರಚಿಕಿತ್ಸೆ ನಡೆಸುವ ಕ್ರಮಕ್ಕೆ ಗ್ರಂಥಗಳ ಕನ್ನಡದಲ್ಲಿ ‘ಅರಿವಳಿಕೆ’ ಎಂಬ ಹೆಸರು ನೆಲೆಗೊಂಡಿದ್ದರೂ ಆಡುಮಾತಿನಲ್ಲಿ ಅದು ಇಂದಿಗೂ ‘ಮತ್ತು ಕೊಡುವುದು’ ಅಥವಾ ‘ಜ್ಞಾನ ತಪ್ಪಿಸುವುದು’. ಈ ಮಾತುಗಳು ಆ ಕೆಲಸದ ಅರ್ಧವನ್ನಷ್ಟೇ ಹೇಳುತ್ತವೆ. ಎಚ್ಚರ ತಪ್ಪಿಸಲು ಕೆಲವೇ ಕ್ಷಣಗಳು ಸಾಕು. ಎಚ್ಚರ ತಪ್ಪಿದವರ ಉಸಿರನ್ನೂ ರಕ್ತದೊತ್ತಡವನ್ನೂ ಗಂಟೆಗಟ್ಟಲೆ ಕಾಯ್ದು, ಅವರನ್ನು ಮತ್ತೆ ಅರಿವಿಗೆ ಮರಳಿಸುವುದೇ ಅದರ ತಿರುಳು. ಮಿದುಳಿನ ಶಸ್ತ್ರಚಿಕಿತ್ಸೆಯಲ್ಲಿ ಜೀವ ನಿಂತಿರುವುದು ಈ ಕಾಯುವ ಕೆಲಸದ ಮೇಲೆ. ಮಿದುಳಿನ ಶಸ್ತ್ರಚಿಕಿತ್ಸೆಗೆ ದೂರದ ಬೆಂಗಳೂರನ್ನು ನಂಬಿಕೊಂಡು ಬಂದ ಹಾಸನ ಜಿಲ್ಲೆಯ ಚನ್ನರಾಯಪಟ್ಟಣದಂಥ ಊರು ಈ ವಿದ್ಯೆಯ ಚರಿತ್ರೆಯೊಳಗೆ ಸೇರುವುದೂ ಅದೇ ಬಾಗಿಲಿನಿಂದ.

1846ರ ಅಕ್ಟೋಬರ್ 16ರಂದು ಬಾಸ್ಟನ್ನಿನಲ್ಲಿ ವಿಲಿಯಂ ಮಾರ್ಟನ್ ಈಥರ್‌ನ ಗುಣವನ್ನು ಎಲ್ಲರೆದುರು ತೋರಿಸಿಕೊಟ್ಟ ಐದೇ ತಿಂಗಳಲ್ಲಿ, 1847ರ ಮಾರ್ಚ್‌ನಲ್ಲಿ, ಕಲ್ಕತ್ತೆಯಲ್ಲಿ ಅದರ ಬಳಕೆ ನಡೆಯಿತು. ಮರುವರ್ಷವೇ ಕ್ಲೋರೋಫಾರಂ ಬಂದಿತು. ಅದರಿಂದಾಗುವ ಸಾವುಗಳಿಗೆ ಹೃದಯ ಕಾರಣವೋ ಉಸಿರು ಕಾರಣವೋ ಎಂಬ ವಾದವನ್ನು ತೀರ್ಮಾನಿಸಲು ನಿಜಾಮನ ಹೈದರಾಬಾದಿನಲ್ಲಿ 1888 ಮತ್ತು 1889ರಲ್ಲಿ ಎರಡು ಆಯೋಗಗಳು ಕುಳಿತವು. ಉಸಿರನ್ನೇ ನೋಡುತ್ತಿರಬೇಕು, ಹೃದಯ ತಾನಾಗಿ ಮೊದಲು ನಿಲ್ಲದು ಎಂಬ ಅವುಗಳ ತೀರ್ಪಿನ ಎರಡನೆಯ ಭಾಗ ಮುಂದೆ ತಪ್ಪೆಂದು ಸಾಬೀತಾಯಿತಾದರೂ ಮೊದಲ ಭಾಗದ ಎಚ್ಚರಿಕೆಗೆ ಇಂದಿಗೂ ಬೆಲೆಯಿದೆ. ಹಾಸನದಲ್ಲಿ ಮಿಷನ್ನಿನವರ ರೆಡ್‌ಫರ್ನ್ ಆಸ್ಪತ್ರೆ ಕೆಲಸಕ್ಕೆ ತೊಡಗಿದ 20ನೇ ಶತಮಾನದ ಆರಂಭದಲ್ಲಿ ಜಗತ್ತಿನ ಸಣ್ಣ ಊರುಗಳ ವೈದ್ಯರಿಗೆ ಒದಗುತ್ತಿದ್ದ ಸಾಧನ ತೀರ ಸರಳವಾದದ್ದು: ತಂತಿಯ ಚೌಕಟ್ಟಿನ ಮೇಲೆ ಕೆಲವು ಪದರ ತೆಳುಬಟ್ಟೆ, ಅದರ ಮೇಲೆ ಹನಿಹನಿಯಾಗಿ ಬೀಳುವ ಈಥರ್, ಮತ್ತು ನಾಲಿಗೆ ಹಿಂದಕ್ಕೆ ಜಾರಿ ಗಂಟಲು ಮುಚ್ಚದಂತೆ ದವಡೆಯನ್ನು ಮುಂದಕ್ಕೆತ್ತಿ ಹಿಡಿದ ಒಂದು ಕೈ.

ಹೊಟ್ಟೆಯ, ಕಾಲಿನ ಶಸ್ತ್ರಚಿಕಿತ್ಸೆಗೆ ಸಾಕಾದ ಈ ಕ್ರಮ ಮಿದುಳಿಗೆ ಸಾಲದೆ ಹೋದದ್ದಕ್ಕೆ ತಲೆಬುರುಡೆಯ ರಚನೆಯೇ ಕಾರಣ. ಬುರುಡೆ ಹಿಗ್ಗದ ಡಬ್ಬಿ. ಅದರೊಳಗೆ ಮಿದುಳು, ರಕ್ತ ಮತ್ತು ಮಿದುಳುಬಳ್ಳಿಯ ದ್ರವ ಈ ಮೂರೂ ಒತ್ತಾಗಿ ತುಂಬಿರುವುದರಿಂದ ಒಂದು ಹೆಚ್ಚಿದರೆ ಇನ್ನೊಂದು ಜಾಗ ಬಿಡಬೇಕು, ಬಿಡಲಾಗದಿದ್ದರೆ ಒತ್ತಡ ಏರಿ ಮಿದುಳಿಗೆ ರಕ್ತ ಹೋಗುವುದೇ ನಿಲ್ಲುತ್ತದೆ. ಉಸಿರು ಕಟ್ಟಿ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚಾದಾಗ ಮಿದುಳಿನ ರಕ್ತನಾಳಗಳು ಹಿಗ್ಗುತ್ತವೆ. ರೋಗಿ ಕೆಮ್ಮಿದರೆ, ಮುಕ್ಕಿರಿದರೆ ತೆರೆದ ಬುರುಡೆಯಿಂದ ಮಿದುಳು ಹೊರಕ್ಕೆ ಉಬ್ಬುತ್ತದೆ. ಗ್ಲಾಸ್ಗೋದಲ್ಲಿ 1879ರಲ್ಲಿ ಮಿದುಳಿನ ಪೊರೆಯ ಗಡ್ಡೆಯೊಂದನ್ನು ತೆಗೆದ ವಿಲಿಯಂ ಮೆಕ್‌ಈವನ್ ಅವರೇ ಬಾಯಿಯ ಮೂಲಕ ಶ್ವಾಸನಾಳಕ್ಕೆ ನಳಿಕೆ ಇಳಿಸಿ ಅರಿವಳಿಕೆ ಕೊಡುವ ಕ್ರಮವನ್ನೂ ಆ ದಿನಗಳಲ್ಲೇ ಆರಂಭಿಸಿದರೆಂಬುದು ಗಮನಾರ್ಹ. ಹಾರ್ವೆ ಕುಶಿಂಗ್ ಇನ್ನೂ ವಿದ್ಯಾರ್ಥಿಯಾಗಿದ್ದಾಗ, ತಮ್ಮ ಕೈಯಲ್ಲಿ ಈಥರ್ ಪಡೆಯುತ್ತಿದ್ದ ರೋಗಿಯೊಬ್ಬ ತೀರಿಕೊಂಡ ಆಘಾತದ ಬಳಿಕ, ಸಹಪಾಠಿ ಕಾಡ್‌ಮನ್ ಜೊತೆ ಸೇರಿ 1894ರ ಸುಮಾರಿಗೆ ನಾಡಿ ಮತ್ತು ಉಸಿರಾಟವನ್ನು ಕೆಲವು ನಿಮಿಷಗಳಿಗೊಮ್ಮೆ ಹಾಳೆಯ ಮೇಲೆ ಗುರುತಿಸುವ ಪದ್ಧತಿ ಹಾಕಿಕೊಂಡರು. ಆಧುನಿಕ ಮಿದುಳು ಶಸ್ತ್ರವೈದ್ಯಕ್ಕೆ ಅಡಿಪಾಯ ಹಾಕಿದವರೆಂದು ಹೆಸರಾದ ಕುಶಿಂಗ್ ಅವರ ಮೊದಲ ಕೊಡುಗೆ ಅರಿವಳಿಕೆಗೆ ಸೇರಿದ್ದೆಂಬುದನ್ನು ಮರೆಯುವಂತಿಲ್ಲ.

ಕರ್ನಾಟಕದಲ್ಲಿ ಈ ವಿದ್ಯೆ ಬೆಳೆದದ್ದು ಬೆಂಗಳೂರಿನ ಮಾನಸಿಕ ಆಸ್ಪತ್ರೆಯ ಆವರಣದಲ್ಲಿ. ಅಲ್ಲಿನ ಮನೋವೈದ್ಯ ಎಂ. ವಿ. ಗೋವಿಂದಸ್ವಾಮಿ ಮತ್ತು ಶಸ್ತ್ರವೈದ್ಯ ಬಾಲಕೃಷ್ಣರಾವ್ ಮಾನಸಿಕ ರೋಗಿಗಳ ಮಿದುಳಿನ ಮುಂಭಾಗದ ತಂತುಗಳನ್ನು ಕತ್ತರಿಸುವ ಚಿಕಿತ್ಸೆಯ ಬಗ್ಗೆ 1944ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬರೆದರು. ಆ ಚಿಕಿತ್ಸೆಯನ್ನು ವೈದ್ಯಲೋಕ ಮುಂದೆ ಕೈಬಿಟ್ಟದ್ದು ಸರಿಯಾಗಿಯೇ ಆಯಿತು. 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಬಂದ ಮೇಲೆ, ಆ ದಶಕದ ಕೊನೆಯಲ್ಲಿ ಆರ್. ಎಂ. ವರ್ಮ ಅಲ್ಲಿ ನರಶಸ್ತ್ರಚಿಕಿತ್ಸೆಯನ್ನು ಕಟ್ಟಿದರು. ಪಾರ್ಕಿನ್‌ಸನ್ ಕಾಯಿಲೆಯ ನಡುಕಕ್ಕೆ ಬುರುಡೆಯನ್ನು ಕೊರೆಯದೆ, ಅದರ ತಳದಲ್ಲಿ ಸಹಜವಾಗಿಯೇ ಇರುವ ರಂಧ್ರವೊಂದರ ಮೂಲಕ ಕೆನ್ನೆಯ ಕಡೆಯಿಂದ ಸೂಜಿ ತೂರಿಸುವ ಅವರ ವಿಧಾನ ಅವರ ಹೆಸರಿನಿಂದಲೇ ಪರಿಚಿತವಾಯಿತು. ನೆತ್ತಿಯ ಚರ್ಮ ಮತ್ತು ಮಿದುಳಿನ ಹೊದಿಕೆ ನೋವನ್ನು ಅರಿಯುತ್ತವೆ, ಮಿದುಳು ಮಾತ್ರ ತನ್ನ ಮೇಲಿನ ಗಾಯವನ್ನು ತಾನೇ ಅರಿಯದು. ಆದ್ದರಿಂದ ಚುಚ್ಚುವ ಜಾಗವನ್ನಷ್ಟೇ ಮರಗಟ್ಟಿಸಿ, ಎಚ್ಚರವಾಗಿರುವ ರೋಗಿಯ ಕೈನಡುಕ ನಿಲ್ಲುವುದನ್ನು ಕಣ್ಣಾರೆ ಕಾಣುತ್ತ ಇಂಥ ಚಿಕಿತ್ಸೆ ನಡೆಸಲು ಸಾಧ್ಯ. ರಾಜ್ಯ ಸರ್ಕಾರದ ಆ ಮಾನಸಿಕ ಆಸ್ಪತ್ರೆ ಮತ್ತು ಅಖಿಲ ಭಾರತ ಸಂಸ್ಥೆ 1974ರಲ್ಲಿ ಒಂದಾಗಿ ನಿಮ್ಹಾನ್ಸ್ ಆದ ಬಳಿಕ ಮಿದುಳಿನ ಅರಿವಳಿಕೆ ಪ್ರತ್ಯೇಕ ಶಾಖೆಯಾಗಿ ಬೆಳೆಯಿತು. ದೇಶಮಟ್ಟದಲ್ಲಿ ಈ ತಜ್ಞರ ಸಂಘ 1999ರಲ್ಲಿ ರೂಪುಗೊಂಡಿತು.

ವಿದ್ಯೆ ಹೀಗೆ ಒಂದೆಡೆ ಆಳಕ್ಕಿಳಿದಷ್ಟೂ ಊರುಗಳಿಂದ ಅದರ ದೂರ ಎದ್ದು ಕಾಣತೊಡಗಿತು. ಚನ್ನರಾಯಪಟ್ಟಣ ಬೆಂಗಳೂರು–ಮಂಗಳೂರು ಹೆದ್ದಾರಿಯ ಮೇಲಿದೆ. ಹಾಸನಕ್ಕೆ ಸುಮಾರು 40 ಕಿಲೋಮೀಟರ್, ಬೆಂಗಳೂರಿಗೆ 150ರ ಸಮೀಪ. ಹೆದ್ದಾರಿ ಅಗಲವಾಗಿ ವೇಗ ಹೆಚ್ಚಿದಂತೆ ತಲೆಗೆ ಪೆಟ್ಟಾಗುವ ಅಪಾಯವೂ ಅದೇ ದಾರಿಯಲ್ಲಿ ಬಂದಿತು. ಬೆಳ್ಳೂರು ಬಳಿಯ ಆದಿಚುಂಚನಗಿರಿ ವೈದ್ಯಕೀಯ ಕಾಲೇಜು 1986ರಲ್ಲಿ, ಹಾಸನದ ಸರ್ಕಾರಿ ವೈದ್ಯಕೀಯ ಕಾಲೇಜು 2006ರಲ್ಲಿ ಆರಂಭವಾಗಿ ದೂರವನ್ನು ಕೊಂಚ ತಗ್ಗಿಸಿದವು. 2008ರ ನವೆಂಬರ್‌ನಲ್ಲಿ 108 ಆಂಬುಲೆನ್ಸ್ ಓಡತೊಡಗಿತು. 2016ರಲ್ಲಿ ಅಪಘಾತದಲ್ಲಿ ಮಡಿಯುವ ಹೊತ್ತಿನಲ್ಲೂ ತನ್ನ ಅಂಗಗಳನ್ನು ದಾನ ಮಾಡಿರೆಂದ ಹರೀಶ್ ಎಂಬ ಯುವಕನ ಹೆಸರಿನಲ್ಲಿ, ಗಾಯಾಳುವಿನ ಮೊದಲ 48 ಗಂಟೆಗಳ ಚಿಕಿತ್ಸೆಯ ವೆಚ್ಚವನ್ನು 25,000 ರೂಪಾಯಿಯವರೆಗೆ ಸರ್ಕಾರ ಭರಿಸುವ ಯೋಜನೆ ಬಂದಿತು.

ಆದರೂ ಬೆಂಗಳೂರಿನ ದಾರಿಯ ಮೇಲಿನ ಎರಡು ಮೂರು ಗಂಟೆಗಳು ಉಳಿದೇ ಇವೆ. ತಲೆಗೆ ಪೆಟ್ಟಾದವರ ರಕ್ತದೊತ್ತಡದ ಮೇಲಿನ ಅಂಕಿ ಒಮ್ಮೆ 90ಕ್ಕಿಂತ ಕೆಳಗಿಳಿದರೂ ಸಾವಿನ ಸಂಭವ ಸರಿಸುಮಾರು ಇಮ್ಮಡಿಯಾಗುತ್ತದೆಂದು 1993ರಲ್ಲಿ ಅಮೆರಿಕದಿಂದ ಬಂದ ಅಧ್ಯಯನವೊಂದು ತೋರಿಸಿಕೊಟ್ಟಿತು. ಉಸಿರು ಸಾಲದೆ ಆಮ್ಲಜನಕ ಕುಸಿಯುವುದೂ ಅಪಾಯಕಾರಿಯೇ. ಹೀಗಾಗಿ ಮಿದುಳಿನ ಅರಿವಳಿಕೆಯ ಮೊದಲ ಅಧ್ಯಾಯ ನಡೆಯುವುದು ಬೆಂಗಳೂರಿನ ಶಸ್ತ್ರಚಿಕಿತ್ಸಾ ಕೊಠಡಿಯಲ್ಲಲ್ಲ, ತಾಲ್ಲೂಕು ಆಸ್ಪತ್ರೆಯ ತುರ್ತು ಕೋಣೆಯಲ್ಲಿ ಮತ್ತು ಓಡುವ ವಾಹನದಲ್ಲಿ. ಯಂತ್ರವಿಲ್ಲದೆಯೂ ಉಸಿರು ಕಾಯಬಹುದೆಂಬುದಕ್ಕೆ ನಿದರ್ಶನವಿದೆ: ಡೆನ್ಮಾರ್ಕಿನ ಕೋಪನ್‌ಹೇಗನ್‌ನಲ್ಲಿ 1952ರ ಪೋಲಿಯೋ ಪಿಡುಗಿನ ಕಾಲಕ್ಕೆ ಬ್ಯೋರ್ನ್ ಇಬ್ಸೆನ್ ಎಂಬ ಅರಿವಳಿಕೆ ವೈದ್ಯರ ಸಲಹೆಯಂತೆ ವೈದ್ಯವಿದ್ಯಾರ್ಥಿಗಳು ಹಗಲಿರುಳು ಪಾಳಿಯ ಮೇಲೆ ಕುಳಿತು ರೋಗಿಗಳ ಎದೆಗೆ ಕೈಯಿಂದಲೇ ಗಾಳಿ ಒತ್ತಿದರು. ಅಲ್ಲಿಂದಲೇ 1956ರ ಹೊತ್ತಿಗೆ ತಾನಾಗಿ ಅರಳಿಕೊಳ್ಳುವ ಆಂಬು ಬ್ಯಾಗ್ ಬಂದಿತು. ಐದಾರು ಸೆಕೆಂಡಿಗೊಮ್ಮೆ ಅದನ್ನು ಹಿಸುಕಿ ಬಿಡಬೇಕು. ಅವಸರದಿಂದ ಹಿಸುಕಿದರೆ ಮಿದುಳಿನ ರಕ್ತನಾಳಗಳು ಅತಿಯಾಗಿ ಕುಗ್ಗುತ್ತವೆ, ತಡವಾದರೆ ಹಿಗ್ಗುತ್ತವೆ.

ಜಾಗತಿಕ ಮಟ್ಟದಲ್ಲಿ ಅರಿವಳಿಕೆ ವೈದ್ಯರು ಕಂಡುಕೊಂಡದ್ದೂ ಯಂತ್ರಕ್ಕಿಂತ ಕಲಿತ ಕೈ ಮುಖ್ಯವೆಂಬುದನ್ನೇ. ಅವರ ವಿಶ್ವ ಒಕ್ಕೂಟ 1955ರಲ್ಲಿ ಹುಟ್ಟಿತು. ಸುರಕ್ಷಿತವಾದ, ಕೈಗೆಟಕುವ ಶಸ್ತ್ರಚಿಕಿತ್ಸೆ ಮತ್ತು ಅರಿವಳಿಕೆ ಜಗತ್ತಿನ 500 ಕೋಟಿ ಜನರಿಗೆ ಇಲ್ಲವೆಂದು ಲ್ಯಾನ್ಸೆಟ್ ಆಯೋಗ 2015ರಲ್ಲಿ ಲೆಕ್ಕ ಹಾಕಿತು. ಯಂತ್ರಗಳನ್ನಷ್ಟೇ ಕೊಟ್ಟರೆ ರಿಪೇರಿಯಿಲ್ಲದೆ ಮೂಲೆ ಸೇರುತ್ತವೆ ಎಂಬ ಕಹಿ ಅನುಭವದ ಮೇಲೆ ಒತ್ತು ತರಬೇತಿಯ ಕಡೆ ವಾಲಿತು. ಭಾರತದಲ್ಲಿಯೂ ತುರ್ತು ಹೆರಿಗೆಗಾಗಿ ಎಂಬಿಬಿಎಸ್ ವೈದ್ಯರಿಗೆ ಕೆಲವು ತಿಂಗಳ ಜೀವರಕ್ಷಕ ಅರಿವಳಿಕೆ ತರಬೇತಿ ಕೊಡುವ ಸರ್ಕಾರಿ ಕ್ರಮ ಹೀಗೆಯೇ ಮೂಡಿತು. ಚನ್ನರಾಯಪಟ್ಟಣ ತಾಲ್ಲೂಕಿನದೇ ಆದ ಶ್ರವಣಬೆಳಗೊಳದ ಜೈನ ಪರಂಪರೆ ಆಹಾರ, ಅಭಯ, ಔಷಧ, ಶಾಸ್ತ್ರ ಎಂಬ ನಾಲ್ಕು ದಾನಗಳನ್ನು ಹೇಳುತ್ತದೆ. ಔಷಧದಾನದ ಪಕ್ಕದಲ್ಲಿ ಕಲಿಕೆಯ ದಾನವಾದ ಶಾಸ್ತ್ರದಾನವನ್ನೂ ಇಟ್ಟ ಆ ಎಣಿಕೆಯ ವಿವೇಕ ಈ ಸಂದರ್ಭದಲ್ಲಿ ಎದ್ದು ತೋರುತ್ತದೆ. ನಿಮ್ಹಾನ್ಸ್ ಮತ್ತು ರಾಜ್ಯ ಸರ್ಕಾರ 2022ರಲ್ಲಿ ಜೊತೆಗೂಡಿ ಆರಂಭಿಸಿದ ಕರ್ನಾಟಕ ಮಿದುಳು ಆರೋಗ್ಯ ಕಾರ್ಯಕ್ರಮವೂ ಜಿಲ್ಲೆಯ ವೈದ್ಯರನ್ನು ಅಣಿಗೊಳಿಸುವುದನ್ನೇ ಮುಖ್ಯ ಕೆಲಸವಾಗಿಸಿಕೊಂಡಿದೆ.

ಇಂಥ ಕಲಿಕೆಯ ಫಲ ಕಾಣಸಿಗುವುದು ಗಾಯಾಳುವಿನ ಜೊತೆ ಮುಂದಿನ ಆಸ್ಪತ್ರೆಗೆ ಹೋಗುವ ಚೀಟಿಯಲ್ಲಿ. ಎಚ್ಚರದ ಮಟ್ಟ ತಿಳಿಯಲು ಗ್ಲಾಸ್ಗೋದಲ್ಲಿ 1974ರಲ್ಲಿ ರೂಪುಗೊಂಡ ಅಳತೆಯ ಇಂದಿನ ರೂಪದ ಪ್ರಕಾರ ಕಣ್ಣು ತೆರೆಯುವುದಕ್ಕೆ 4, ಮಾತಿಗೆ 5, ಕೈಕಾಲಿನ ಚಲನೆಗೆ 6 ಹೀಗೆ ಒಟ್ಟು 15 ಅಂಕಗಳು. ಮೊತ್ತ 8 ಅಥವಾ ಅದಕ್ಕಿಂತ ಕಡಿಮೆಯಾದರೆ ಉಸಿರುದಾರಿ ತನ್ನನ್ನು ತಾನು ಕಾಯಲಾರದೆಂದು ತಿಳಿದು, ವಾಹನ ಹೊರಡುವ ಮುನ್ನವೇ ಶ್ವಾಸನಾಳಕ್ಕೆ ನಳಿಕೆ ಇಳಿಸಬೇಕು. ಆ ಚೀಟಿಯಲ್ಲಿ ಅಂಕದ ಪಕ್ಕದಲ್ಲೇ ನಳಿಕೆ ಹಾಕಿದ ಹೊತ್ತು, ರಕ್ತದೊತ್ತಡ, ಎರಡೂ ಕಣ್ಣುಪಾಪೆಗಳ ಅಳತೆ ಬರೆದಿದ್ದರೆ, ಬೆಂಗಳೂರಿನಲ್ಲಿ ಕಾಯುತ್ತಿರುವ ಅರಿವಳಿಕೆ ತಜ್ಞರ ಕೆಲಸ ವಾಹನವು ಹೆದ್ದಾರಿಯ ಮೇಲಿನ ಹಿರೀಸಾವೆ ದಾಟುವ ಮೊದಲೇ ಆರಂಭವಾಗಿರುತ್ತದೆ.