ಐವತ್ತು ಮಂದಿಗೆ ಕೋಷರ್ ಮಾಂಸದೂಟ: ಕಷ್ಟವಿಲ್ಲದೆ ಮಾಡುವ ಬಗೆ

ಇಸ್ರೇಲಿನಲ್ಲಿ ವೃದ್ಧರ ಆರೈಕೆಯ ಕೆಲಸಕ್ಕೆಂದು ಕೇರಳದಿಂದಲೂ ಮಂಗಳೂರು ಕಡೆಯಿಂದಲೂ ಹೋದವರು ಬಹಳ ಮಂದಿ ಇದ್ದಾರೆ. ಧರ್ಮಾಚಾರ ಪಾಲಿಸುವ ಯಹೂದಿ ಮನೆಗೆ ಸೇರಿದವರು ಮೊದಲ ವಾರದಲ್ಲೇ ಕಲಿಯಬೇಕಾದ ಪಾಠ ಅಡುಗೆಮನೆಯದ್ದು. ಅಲ್ಲಿ ಪಾತ್ರೆ ಎರಡು ಸೆಟ್, ಚಾಕು ಎರಡು ಸೆಟ್, ಎಷ್ಟೋ ಮನೆಗಳಲ್ಲಿ ತೊಳೆಯುವ ಸಿಂಕ್ ಕೂಡ ಎರಡು. ಒಂದು ಮಾಂಸಕ್ಕೆ, ಇನ್ನೊಂದು ಹಾಲು ಬೆಣ್ಣೆಗೆ. ಬೆಣ್ಣೆ ಸವರಿದ ಚಾಕುವನ್ನು ಮರೆತು ಕುದಿಯುವ ಮಾಂಸದ ಸಾರಿಗೆ ಅದ್ದಿದರೆ, ಆ ಸಾರನ್ನು ಉಣ್ಣಬಹುದೇ ಎಂದು ರಬ್ಬಿಯನ್ನು ಕೇಳುವವರೆಗೆ ಮನೆಯವರು ಮುಟ್ಟುವುದಿಲ್ಲ.

ಇಬ್ಬರ ಅಡುಗೆಯಲ್ಲಿ ಇಂಥ ತಪ್ಪಾದರೆ ಮೊಟ್ಟೆ ಬೇಯಿಸಿ ಸುಧಾರಿಸಬಹುದು. ಮದುವೆ ನಿಶ್ಚಯಕ್ಕೋ ಶುಕ್ರವಾರ ರಾತ್ರಿಯ ಸಬ್ಬತ್ ಊಟಕ್ಕೋ ಐವತ್ತು ಮಂದಿ ಬಂದು ಕುಳಿತಾಗ ಆದರೆ? ಸೂರ್ಯ ಮುಳುಗಿದ ಮೇಲೆ ಹೊಸದಾಗಿ ಒಲೆ ಹಚ್ಚುವ ಹಾಗೂ ಇಲ್ಲ. ಆದ್ದರಿಂದ ದೊಡ್ಡ ಗುಂಪಿನ ಕೋಷರ್ ಊಟದಲ್ಲಿ ಕೈರುಚಿಗಿಂತ ಮುಂಚಿನ ಯೋಜನೆಯೇ ಮುಖ್ಯ. ಅಡುಗೆ ನಿಜಕ್ಕೂ ಸುಲಭ. ಒಲೆ ಹಚ್ಚುವ ಮೊದಲು ಮಾಡಬೇಕಾದ ಕೆಲಸವೇ ಜಾಸ್ತಿ.

ಮೂರು ಪಂಗಡ

ಕೋಷರ್ ಎಂದರೆ ಯೋಗ್ಯವಾದದ್ದು ಎಂದರ್ಥ. ಆಹಾರದಲ್ಲಿ ಮೂರು ಪಂಗಡ: ಮಾಂಸ, ಹಾಲು, ಎರಡಕ್ಕೂ ಸೇರದ್ದು. ಈ ಮೂರನೆಯದಕ್ಕೆ ಪಾರ್ವೆ ಎಂದು ಹೆಸರು. ಅಕ್ಕಿ, ಕಾಳು, ತರಕಾರಿ, ಹಣ್ಣು, ಎಣ್ಣೆ, ಮೊಟ್ಟೆ, ಮೀನು ಎಲ್ಲವೂ ಪಾರ್ವೆ. ಮರಿಯನ್ನು ಅದರ ತಾಯಿಯ ಹಾಲಿನಲ್ಲಿ ಬೇಯಿಸಬಾರದೆಂಬ ವಿಧಿ ಟೋರಾದಲ್ಲಿ ಮೂರು ಸಲ ಬರುತ್ತದೆ. ವಿಮೋಚನಕಾಂಡದಲ್ಲಿ ಎರಡು ಸಲ, ಧರ್ಮೋಪದೇಶಕಾಂಡದಲ್ಲಿ ಒಂದು ಸಲ. ಅದರಿಂದಲೇ ಮಾಂಸ ಮತ್ತು ಹಾಲನ್ನು ಒಟ್ಟಿಗೆ ಬೇಯಿಸಬಾರದು, ಒಟ್ಟಿಗೆ ಉಣ್ಣಬಾರದು ಎಂಬ ನಿಯಮ ಬೆಳೆಯಿತು. ಕೋಳಿಗೆ ಹಾಲಿಲ್ಲವಲ್ಲ ಎಂದು ನಾವು ಕೇಳಬಹುದು. ಹಿಂದಿನ ಪಂಡಿತರು ಕೋಳಿಯನ್ನೂ ಮಾಂಸದ ಪಂಗಡಕ್ಕೇ ಸೇರಿಸಿದರು, ಈಗ ಅದೇ ಆಚಾರ.

ಹೀಗಾಗಿ ಮಾಂಸದೂಟ ಎಂದು ನಿಶ್ಚಯಿಸಿದ ದಿನ ಹಾಲು, ಮೊಸರು, ಬೆಣ್ಣೆ, ತುಪ್ಪ, ಪನೀರು ಅಡುಗೆಮನೆಯ ಹೊಸ್ತಿಲು ದಾಟಬಾರದು. ಸ್ವಲ್ಪವೇ ಇರಲಿ, ಮಕ್ಕಳಿಗೆ ಬೇಕಾದೀತು ಎಂದು ಇಟ್ಟುಕೊಂಡರೆ ಅಲ್ಲಿಂದಲೇ ತೊಂದರೆ ಶುರು. ಊಟದ ನಂತರ ಹಾಲಿನ ಕಾಫಿಯೂ ಇಲ್ಲ. ಮಾಂಸ ಉಂಡ ಮೇಲೆ ಹಾಲು ಮುಟ್ಟಲು ಹೆಚ್ಚಿನವರು ಆರು ಗಂಟೆ ಕಾಯುತ್ತಾರೆ, ಜರ್ಮನ್ ಮೂಲದವರಲ್ಲಿ ಮೂರು ಗಂಟೆಯ ರೂಢಿ, ಡಚ್ ಯಹೂದಿಯರಲ್ಲಿ ಒಂದೇ ಗಂಟೆ.

ಮಾಂಸ ತರುವಾಗ

ಹಲಾಲ್ ಮಾಂಸ ಇದ್ದರೆ ಸಾಲದೇ ಎಂದು ನಮ್ಮ ಕಡೆ ಅನೇಕರು ಕೇಳುತ್ತಾರೆ. ಸಾಲದು. ಎರಡಕ್ಕೂ ಹೋಲಿಕೆ ಇದೆ ನಿಜ, ಹಂದಿ ಎರಡರಲ್ಲೂ ನಿಷಿದ್ಧ. ಆದರೆ ಕೋಷರ್ ಮಾಂಸಕ್ಕೆ ಶೋಖೆತ್ ಎಂಬ ತರಬೇತಿ ಪಡೆದ ಯಹೂದಿಯೇ ಬೇಕು. ಆತನ ಕತ್ತಿಯ ಬಾಯಲ್ಲಿ ಉಗುರಿಗೆ ತಾಗುವಷ್ಟು ಸಣ್ಣ ಮುಕ್ಕೂ ಇರಬಾರದು. ಕೊಯ್ದ ನಂತರ ಪ್ರಾಣಿಯ ಶ್ವಾಸಕೋಶ ನೋಡುತ್ತಾರೆ, ಕೆಲವು ಬಗೆಯ ಕೊಬ್ಬನ್ನೂ ತೊಡೆಯ ನರವನ್ನೂ ತೆಗೆಯುತ್ತಾರೆ. ಬಳಿಕ ರಕ್ತ ಹೋಗಲೆಂದು ಮಾಂಸವನ್ನು ಅರ್ಧ ಗಂಟೆ ನೀರಲ್ಲಿ ನೆನೆಸಿ, ಒಂದು ಗಂಟೆ ಹರಳುಪ್ಪಿನಲ್ಲಿಟ್ಟು, ಮೂರು ಸಲ ತೊಳೆಯುತ್ತಾರೆ. ಯಕೃತ್ತಿಗೆ ಉಪ್ಪು ಸಾಲದು, ಬೆಂಕಿಯಲ್ಲೇ ಸುಡಬೇಕು. ದೊಡ್ಡ ಅಡುಗೆಯಲ್ಲಿ ಅದರ ಗೊಡವೆಗೆ ಹೋಗದಿರುವುದೇ ಲೇಸು.

ಇದನ್ನೆಲ್ಲ ಈಗ ಮನೆಯಲ್ಲಿ ಮಾಡುವವರು ಕಡಿಮೆ. ಇಸ್ರೇಲ್, ಅಮೆರಿಕಗಳಲ್ಲಿ ಉಪ್ಪು ಹಾಕಿ ತೊಳೆದ ಮಾಂಸ ಮುದ್ರೆಯೊಂದಿಗೆ ಸಿಗುತ್ತದೆ. ಅಡುಗೆಯವರಿಗೆ ಇಲ್ಲೊಂದು ಕಿವಿಮಾತು: ಆ ಕೋಳಿಯಲ್ಲಿ ಆಗಲೇ ಉಪ್ಪು ಇರುತ್ತದೆ. ನಮ್ಮ ಕೈ ಅಳತೆಯಲ್ಲಿ ಮತ್ತೆ ಉಪ್ಪು ಹಾಕಿದರೆ ಐವತ್ತು ಮಂದಿಯೂ ನೀರು ಕೇಳುತ್ತಾರೆ. ಮಾಂಸವನ್ನು ಬೇರೆಯವರ ಕೈಯಲ್ಲಿ ಕಳಿಸುವುದಾದರೆ ಪೊಟ್ಟಣಕ್ಕೆ ಎರಡು ಸೀಲು ಇರಬೇಕೆಂಬ ನಿಯಮವಿದೆ. ಒಡೆದ ಪೊಟ್ಟಣ ಬಂದರೆ ತಾವಾಗಿಯೇ ತೀರ್ಮಾನಿಸದೆ ಮನೆಯವರಿಗೆ ತೋರಿಸಬೇಕು.

ಉಳಿದ ಸಾಮಾನಿನಲ್ಲಿ ಚೀಟಿ ಓದುವುದೇ ದೊಡ್ಡ ಕೆಲಸ. ಮಾರ್ಗರಿನ್‌ನಲ್ಲಿ ಹಾಲಿನ ಅಂಶ ಇರಬಹುದು, ಸೂಪಿನ ಪುಡಿಯಲ್ಲೂ ಇರಬಹುದು. ವೂಸ್ಟರ್ ಸಾಸ್‌ನಲ್ಲಿ ಮೀನು ಇರುತ್ತದೆ. ಮೀನು ಪಾರ್ವೆಯಾದರೂ ಮಾಂಸದ ಜತೆ ಬೇಯಿಸುವ ರೂಢಿ ಇಲ್ಲ. ವೃತ್ತದೊಳಗೆ 'ಯು' ಅಕ್ಷರವಿರುವ ಮುದ್ರೆ ಅಮೆರಿಕದ ಆರ್ಥೊಡಾಕ್ಸ್ ಯೂನಿಯನ್ನದು, 1923ರಿಂದ ಬಳಕೆಯಲ್ಲಿದೆ. ನಮ್ಮಲ್ಲಿಂದ ಮಸಾಲೆ, ಗೋಡಂಬಿ ರಫ್ತು ಮಾಡುವ ಕೆಲವರ ಪೊಟ್ಟಣದ ಮೇಲೂ ಇಂಥ ಮುದ್ರೆ ಇರುತ್ತದೆ. ಪಕ್ಕದಲ್ಲಿ 'ಡಿ' ಇದ್ದರೆ ಹಾಲಿನದು, ಮಾಂಸದೂಟಕ್ಕೆ ಬೇಡ. 'ಪಿ' ಇದ್ದರೆ ಪಾರ್ವೆ ಎಂದು ಹೊಸಬರು ಭಾವಿಸುತ್ತಾರೆ. ಹಾಗಲ್ಲ, ಅದು ಪೆಸಾಖ್ ಹಬ್ಬಕ್ಕೂ ಆಗುತ್ತದೆ ಎಂಬ ಗುರುತು. ಆ ಹಬ್ಬದ ಎಂಟು ದಿನ (ಇಸ್ರೇಲಿನಲ್ಲಿ ಏಳು) ಹುಳಿ ಬರುವ ಹಿಟ್ಟು ಯಾವುದೂ ಇಲ್ಲ, ಯುರೋಪ್ ಮೂಲದವರಲ್ಲಿ ಅನೇಕರು ಅನ್ನವನ್ನೂ ಬಿಡುತ್ತಾರೆ. ಇಲ್ಲಿ ಹೇಳುವ ಪಟ್ಟಿ ಆ ವಾರಕ್ಕೆ ಅಲ್ಲ.

ಏನೇನು ಮಾಡುವುದು

ಮದುವೆ ಮನೆಯಲ್ಲಿ ತುಪ್ಪ ಬಡಿಸಿದ್ದೇ ಈ ಲೇಖಕನ ದೊಡ್ಡ ಅಡುಗೆಯ ಅನುಭವ. ಆದರೂ ಒಂದು ಮಾತು ಧೈರ್ಯವಾಗಿ ಹೇಳಬಹುದು: ಬಗೆ ಕಡಿಮೆಯಾದಷ್ಟೂ ತಪ್ಪು ಕಡಿಮೆ. ಒಂದು ಕೋಳಿ, ಒಂದು ಅನ್ನ, ಒಂದು ಹಸಿ ತರಕಾರಿ, ಬ್ರೆಡ್ಡು, ಹಣ್ಣು. ಇಷ್ಟು ಸಾಕು.

ಕೋಳಿಯ ಇಡೀ ಕಾಲು ಒಂದಕ್ಕೆ 300ರಿಂದ 350 ಗ್ರಾಂ ತೂಗುತ್ತದೆ. ತಲಾ ಒಂದರಂತೆ, ಐದು ಹೆಚ್ಚಿಗೆ ಇಟ್ಟು 55 ಕಾಲು ತಂದರೆ ಸುಮಾರು 18 ಕಿಲೋ. ಅದಕ್ಕೆ ಆಲೂಗಡ್ಡೆ 8 ಕಿಲೋ, ನೀರುಳ್ಳಿ 3, ಕ್ಯಾರೆಟ್ 3. ದೊಡ್ಡ ಅಲ್ಯೂಮಿನಿಯಂ ಟ್ರೇಯಲ್ಲಿ ಕೆಳಗೆ ಆಲೂಗಡ್ಡೆ, ನೀರುಳ್ಳಿ, ಕ್ಯಾರೆಟ್ ಹರಡಿ, ಮೇಲೆ ಕೋಳಿ ಜೋಡಿಸಿ. ಎಣ್ಣೆ, ಬೆಳ್ಳುಳ್ಳಿ, ನಿಂಬೆರಸ, ಕೆಂಪು ಮೆಣಸಿನ ಪುಡಿ, ಅರಿಸಿನ ಸವರಿ, ಫಾಯಿಲ್ ಮುಚ್ಚಿ 180 ಡಿಗ್ರಿ ಒಲೆಯಲ್ಲಿ ಒಂದು ಗಂಟೆ ಇಟ್ಟು, ಫಾಯಿಲ್ ತೆಗೆದು ಇನ್ನೂ ಅರ್ಧ ಮುಕ್ಕಾಲು ಗಂಟೆ ಬಿಟ್ಟರೆ ಮೇಲ್ಭಾಗ ಕೆಂಪಾಗುತ್ತದೆ. ಮೂಳೆಯ ಹತ್ತಿರ ಮಾಂಸದ ಶಾಖ 74 ಡಿಗ್ರಿ ಮುಟ್ಟಿರಬೇಕು. ತುಂಬಿದ ಟ್ರೇಗಳನ್ನು ಒಂದರ ಮೇಲೊಂದು ಒತ್ತೊತ್ತಾಗಿ ತುರುಕಿದರೆ ಸಮಯ ಜಾಸ್ತಿ ಹಿಡಿಯುತ್ತದೆ, ಇದನ್ನು ಲೆಕ್ಕದಲ್ಲಿಡಿ.

ಅಕ್ಕಿ 4 ಕಿಲೋ. ಅದನ್ನೂ ಟ್ರೇಯಲ್ಲೇ ಕುದಿವ ನೀರು ಹೊಯ್ದು, ಬಿಗಿಯಾಗಿ ಫಾಯಿಲ್ ಮುಚ್ಚಿ ಒಲೆಯೊಳಗೆ ಇಟ್ಟರೆ ಅರ್ಧ ಗಂಟೆ ಚಿಲ್ಲರೆಯಲ್ಲಿ ಬೇಯುತ್ತದೆ, ತಿರುವುವ ಗೋಜಿಲ್ಲ. ಟೊಮೆಟೊ, ಸೌತೆ ತಲಾ 4 ಕಿಲೋ ಹೆಚ್ಚಿ ನಿಂಬೆ, ಎಣ್ಣೆ ಹಾಕಿದರೆ ಸಲಾಡು. ಎಲೆಕೋಸು, ಹೂಕೋಸು, ಲೆಟ್ಯೂಸ್ ಬೇಡವೆಂದೇ ನನ್ನ ಸಲಹೆ. ಹುಳು ತಿನ್ನುವುದು ಕೂಡ ನಿಷಿದ್ಧವಾದ್ದರಿಂದ ಎಲೆ ಎಲೆಯನ್ನೂ ಬೆಳಕಿಗೆ ಹಿಡಿದು ನೋಡಬೇಕಾಗುತ್ತದೆ, ಐವತ್ತು ಮಂದಿಗೆ ಅದು ಅರ್ಧ ದಿನದ ಕೆಲಸ. ಮೊಟ್ಟೆ ಬಳಸಿದರೆ ಒಂದೊಂದನ್ನೇ ಗಾಜಿನ ಲೋಟಕ್ಕೆ ಒಡೆದು, ರಕ್ತದ ಚುಕ್ಕೆ ಇಲ್ಲವೆಂದು ನೋಡಿ ಸೇರಿಸಬೇಕು. ಇಸ್ರೇಲಿನಲ್ಲಿ ಬೆಳೆದ ತರಕಾರಿಗೂ ದಶಾಂಶ ತೆಗೆಯುವ ವಿಧಿ ಇದೆ, ಮುದ್ರೆ ಇರುವ ಅಂಗಡಿಯಿಂದ ತಂದರೆ ಆ ಚಿಂತೆ ಇಲ್ಲ.

ಮೊಸರಿನ ಬದಲು ಎಳ್ಳಿನಿಂದ ಮಾಡಿದ ತಾಹಿನಿ ಇದೆ. ಸಿಹಿಗೆ ಕಲ್ಲಂಗಡಿ, ದ್ರಾಕ್ಷಿ, ಎಣ್ಣೆ ಹಾಕಿ ಮಾಡಿದ ಕೇಕು. ಹಲ್ಲಾ ಎಂಬ ಹೆಣೆದ ಬ್ರೆಡ್ಡನ್ನು ಕೊಂಡೇ ತರಬೇಕು. ಮನೆಯಲ್ಲಿ ಮಾಡಿದರೆ, ಹಿಟ್ಟು ಸುಮಾರು 1.2 ಕಿಲೋ ದಾಟಿದ ಕೂಡಲೇ ಅದರಿಂದ ಒಂದು ತುಣುಕು ಬೇರೆ ತೆಗೆದಿಡುವ ವಿಧಿ ಬರುತ್ತದೆ.

ತೆಂಗಿನ ಹಾಲಿನ ಮಾತು

ಇಲ್ಲಿ ನಮ್ಮ ಕರಾವಳಿಯವರಿಗೆ ಒಂದು ಅನುಕೂಲ ಇದೆ. ಕುಂದಾಪುರದ ಕೋಳಿ ಘೀ ರೋಸ್ಟ್ ತುಪ್ಪ ಮೊಸರಿನದು, ಅದು ಕೋಷರ್ ಆಗಲು ಸಾಧ್ಯವೇ ಇಲ್ಲ. ಮೊಸರು ಹಾಕಿದ ಬಿರಿಯಾನಿಯೂ ಅಷ್ಟೇ. ಆದರೆ ತೆಂಗಿನ ಹಾಲಿನ ಕೋರಿ ಗಸಿಗೆ, ತೆಂಗಿನೆಣ್ಣೆಯ ಸುಕ್ಕಕ್ಕೆ, ನೀರುದೋಸೆಗೆ ಏನೂ ಅಡ್ಡಿಯಿಲ್ಲ, ಕೋಳಿ ಮತ್ತು ಪಾತ್ರೆ ಕೋಷರ್ ಆಗಿದ್ದರಾಯಿತು. ಕೊಚ್ಚಿಯ ಯಹೂದಿಯರೂ ಕೊಂಕಣ ಕರಾವಳಿಯ ಬೆನೆ ಇಸ್ರೇಲರೂ ಮಾಂಸದ ಸಾರಿಗೆ ತೆಂಗಿನ ಹಾಲನ್ನೇ ಬಳಸಿಕೊಂಡು ಬಂದವರು. ಬೆನೆ ಇಸ್ರೇಲರಿಗೆ ಕೊಂಕಣದಲ್ಲಿ ಶನಿವಾರ ತೇಲಿ ಎಂಬ ಹೆಸರೇ ಇತ್ತು. ಗಾಣದಲ್ಲಿ ಎಣ್ಣೆ ತೆಗೆಯುವವರು, ಶನಿವಾರ ಮಾತ್ರ ಗಾಣ ಮುಟ್ಟದವರು. ಕೊಚ್ಚಿಯವರಲ್ಲಿ ಬಹುತೇಕ ಮಂದಿ 1950ರ ದಶಕದಿಂದೀಚೆಗೆ ಇಸ್ರೇಲಿಗೆ ಹೋದರು, 1568ರಲ್ಲಿ ಕಟ್ಟಿದ ಪರದೇಸಿ ಸಿನಗಾಗ್ ಮಟ್ಟಾಂಚೇರಿಯಲ್ಲಿ ಈಗಲೂ ಇದೆ.

ಒಂದು ಸೂಕ್ಷ್ಮ ಮಾತ್ರ ಗಮನಿಸಿ. ಬಿಳಿ ಸಾರು ಕಂಡು ಯಾರಾದರೂ ಹಾಲೆಂದು ತಪ್ಪು ತಿಳಿದಾರು. ಬಾದಾಮಿ ಹಾಲನ್ನು ಮಾಂಸದ ಜತೆ ಬಡಿಸುವಾಗ ಪಕ್ಕದಲ್ಲಿ ನಾಲ್ಕು ಬಾದಾಮಿ ಇಡಬೇಕೆಂದು 16ನೇ ಶತಮಾನದಲ್ಲೇ ರಬ್ಬಿಗಳು ಬರೆದಿಟ್ಟರು. ಅದೇ ರೀತಿ ಗಸಿಯ ಪಾತ್ರೆಯ ಬಳಿ ಒಂದು ಹೋಳು ತೆಂಗಿನಕಾಯಿ ಇಟ್ಟರೆ ಸಂಶಯಕ್ಕೆ ಎಡೆ ಇರುವುದಿಲ್ಲ.

ಪಾತ್ರೆ, ಒಲೆ, ಬೆಂಕಿ

ಬಾಡಿಗೆ ಹಾಲ್‌ನ ಅಡುಗೆಮನೆಯಲ್ಲಿ ಹಿಂದೆ ಏನು ಬೇಯಿಸಿದ್ದರೋ ಯಾರು ಬಲ್ಲರು? ಸ್ಟೀಲ್ ಪಾತ್ರೆಯನ್ನು 24 ಗಂಟೆ ಬಳಸದೆ ಇಟ್ಟು, ಕುದಿಯುವ ನೀರಿನಲ್ಲಿ ಪೂರ್ತಿ ಮುಳುಗಿಸಿ ಶುದ್ಧ ಮಾಡಬಹುದು. ನೇರ ಬೆಂಕಿಯಲ್ಲಿ ಬಳಸಿದ ಗ್ರಿಲ್ ಆದರೆ ಕೆಂಪಗೆ ಕಾಯಿಸಬೇಕು. ಮಣ್ಣಿನ ಪಾತ್ರೆ ಒಮ್ಮೆ ಕೆಟ್ಟರೆ ಕುದಿಸಿದರೂ ಸರಿಯಾಗದು. ನಮ್ಮ ಹಿರಿಯರು ಮಡಿಗೆ ಮಣ್ಣಿನ ಮಡಕೆಯನ್ನು ಹೊರಗಿಡುತ್ತಿದ್ದುದು ನೆನಪಾಗುತ್ತದೆ. ಆದರೆ ಮಡಿಯಂತೆ ಇಲ್ಲಿ ಯಾರು ಮುಟ್ಟಿದರು ಎಂಬ ಲೆಕ್ಕವಿಲ್ಲ, ಪಾತ್ರೆಯೊಳಗೆ ಏನು ಬೆಂದಿತು ಎಂಬುದೇ ಲೆಕ್ಕ.

ಇಷ್ಟೆಲ್ಲ ಆಗದವರಿಗೆ ಸುಲಭದ ದಾರಿ ಇದೆ. ಹೊಸ ಅಲ್ಯೂಮಿನಿಯಂ ಟ್ರೇ, ಹೊಸ ಚಾಕು, ಹೊಸ ಹಲಗೆ. ಕೋಷರ್ ಅಲ್ಲದ ಒಲೆಯಾದರೆ ಟ್ರೇಗೆ ಎರಡು ಸುತ್ತು ಫಾಯಿಲ್ ಬಿಗಿಯಾಗಿ ಸುತ್ತಿ, ಕೊನೆಯವರೆಗೂ ತೆರೆಯದೆ ಬೇಯಿಸುವುದು. ಮೇಲ್ಭಾಗ ಕೆಂಪಾಗದು, ಊಟ ಮಾತ್ರ ಉಳಿಯುತ್ತದೆ. ತಟ್ಟೆ ಲೋಟ ಎಲ್ಲ ಒಮ್ಮೆ ಬಳಸಿ ಬಿಸಾಡುವಂಥವು. ಬಾಳೆಎಲೆ ಸಿಗುವ ಊರಾಗಿದ್ದರೆ ಅದಕ್ಕಿಂತ ಒಳ್ಳೆಯ ಕೋಷರ್ ತಟ್ಟೆ ಇಲ್ಲ.

ಅಡುಗೆಯವರು ಯಹೂದಿ ಅಲ್ಲದಿದ್ದರೆ ಇನ್ನೊಂದು ನಿಯಮ ಇದೆ, ನಮ್ಮವರು ಎಡವುವುದು ಇಲ್ಲೇ. ಮುಖ್ಯ ಅಡುಗೆಯಲ್ಲಿ ಯಹೂದಿಯ ಕೈ ಇರಬೇಕು. ಯುರೋಪ್ ಮೂಲದವರಲ್ಲಿ ಮನೆಯವರು ಬೆಂಕಿ ಹಚ್ಚಿದರೆ ಸಾಕು. ಸೆಫಾರ್ದಿ ಮನೆಗಳಲ್ಲಿ ಪಾತ್ರೆಯನ್ನೂ ಅವರೇ ಒಲೆಗೇರಿಸಬೇಕು. ಬೆಳಿಗ್ಗೆ ಬೇಗ ಎದ್ದು, ಯಜಮಾನಿತಿಗೆ ತೊಂದರೆ ಏಕೆಂದು ತಾವೇ ಒಲೆ ಹಚ್ಚಿ ಎಲ್ಲವನ್ನೂ ಬೇಯಿಸಿಟ್ಟರೆ ಉಪಕಾರಕ್ಕೆ ಹೋಗಿ ಅಪಕಾರವಾದಂತೆ. ವೈನಿನದೂ ಇದೇ ಕಥೆ: ಅನ್ಯರು ಬಡಿಸುವುದಾದರೆ ಮೆವುಶಾಲ್ ಅಂದರೆ ಕಾಯಿಸಿದ ವೈನ್ ಎಂದು ಬಾಟಲಿಯಲ್ಲಿ ಬರೆದಿರಬೇಕು. ದೊಡ್ಡ ಕ್ಯಾಟರಿಂಗ್‌ಗಳಲ್ಲಿ ಇದನ್ನೆಲ್ಲ ನೋಡಿಕೊಳ್ಳಲು ಮಷ್ಗಿಯಾಖ್ ಎಂಬ ಮೇಲ್ವಿಚಾರಕ ಇರುತ್ತಾನೆ. ಸಂಶಯ ಬಂದರೆ ಆತನನ್ನು ಆಗಲೇ ಕೇಳಬೇಕು, ಬಡಿಸಿದ ಮೇಲೆ ಅಲ್ಲ.

ಶುಕ್ರವಾರದ ಗಡಿಯಾರ

ಸಬ್ಬತ್ ದೀಪ ಹಚ್ಚುವುದು ಸಾಮಾನ್ಯವಾಗಿ ಸೂರ್ಯಾಸ್ತಕ್ಕೆ 18 ನಿಮಿಷ ಮೊದಲು, ಜೆರುಸಲೇಮಿನಲ್ಲಿ 40 ನಿಮಿಷ ಮೊದಲು. ಅಷ್ಟರೊಳಗೆ ಎಲ್ಲವೂ ಬೆಂದಿರಬೇಕು. ಮಧ್ಯಾಹ್ನ ಒಂದಕ್ಕೆ ಟ್ರೇಗಳು ಒಲೆಗೆ ಹೋದರೆ ಚಳಿಗಾಲದಲ್ಲೂ ಸಮಯ ಸಾಕು. ತರಕಾರಿ ಹೆಚ್ಚುವುದು ಗುರುವಾರ ರಾತ್ರಿಯೇ ಮುಗಿಯಲಿ. ಬಿಸಿ ಇಡಲು ಪ್ಲಾಟಾ ಎಂಬ ವಿದ್ಯುತ್ ಹಲಗೆಯನ್ನು ಮೊದಲೇ ಹಾಕಿಟ್ಟು ಬೆಂದ ಟ್ರೇಗಳನ್ನು ಅದರ ಮೇಲಿಡುತ್ತಾರೆ. ಬಡಿಸುವವರೆಗೆ ಊಟ 60 ಡಿಗ್ರಿಗಿಂತ ಮೇಲೆಯೇ ಇರಲಿ.

ಶನಿವಾರ ಮಧ್ಯಾಹ್ನವೂ ಅದೇ ಗುಂಪು ಉಣ್ಣುವುದಾದರೆ ಚೋಲೆಂತ್ ಇದೆ. ಸೆಫಾರ್ದಿಗಳು ಹಮೀನ್ ಎನ್ನುತ್ತಾರೆ. ಒಣ ಕಾಳು, ಬಾರ್ಲಿ, ಆಲೂಗಡ್ಡೆ, ಅಗ್ಗದ ಗಟ್ಟಿ ಮಾಂಸ, ನೀರು ಒಂದೇ ಪಾತ್ರೆಗೆ ಹಾಕಿ ಶುಕ್ರವಾರ ಸಂಜೆಗೆ ಮೊದಲೇ ಬೇಯಿಸಿ, ರಾತ್ರಿಯಿಡೀ ಸಣ್ಣ ಶಾಖದಲ್ಲಿ ಬಿಡುವುದು. ಸಬ್ಬತ್ ದಿನ ಬೆಂಕಿ ಹಚ್ಚದೆ ಬಿಸಿಯೂಟ ಉಣ್ಣಲು ಕಂಡುಕೊಂಡ ಉಪಾಯ ಇದು. ನೀರು ಮೊದಲೇ ಧಾರಾಳವಾಗಿ ಇರಬೇಕು. ತಳ ಹಿಡಿಯುವಂತಿದೆ ಎಂದು ಮಧ್ಯರಾತ್ರಿ ಎದ್ದು ತಣ್ಣೀರು ಹೊಯ್ಯುವಂತಿಲ್ಲ, ಉರಿ ಹೆಚ್ಚು ಕಡಿಮೆ ಮಾಡುವಂತೆಯೂ ಇಲ್ಲ.