ಓರೆ ಅಕ್ಷರದ ಶಿಲ್ಪಿ

ಗ್ರಂಥದ ಹೆಸರನ್ನೋ ಒತ್ತಿ ಹೇಳಬೇಕಾದ ಮಾತನ್ನೋ ಬಲಕ್ಕೆ ಬಾಗಿದ ಅಕ್ಷರಗಳಲ್ಲಿ ಅಚ್ಚುಮಾಡುವ ರೂಢಿ ಉಂಟಷ್ಟೆ. ಅದಕ್ಕೆ ‘ಇಟ್ಯಾಲಿಕ್’ ಎಂದು ಹೆಸರು, ಎಂದರೆ ಇಟಲಿಯದು. ಒಂದು ದೇಶದ ಹೆಸರು ಅಕ್ಷರಕ್ಕೆ ಅಂಟಿಕೊಂಡದ್ದು ಹೇಗೆಂದು ಹುಡುಕಹೊರಟರೆ ನಾವು ತಲುಪುವುದು 1501ರ ವೆನಿಸ್ ನಗರವನ್ನು.

ಯೂರೋಪಿನಲ್ಲಿ ಮೊಳೆಯ ಮುದ್ರಣ ಹುಟ್ಟಿದ್ದು ಜರ್ಮನಿಯಲ್ಲಿ. ಅದು ದೊಡ್ಡ ಉದ್ಯಮವಾದದ್ದು ವೆನಿಸ್ಸಿನಲ್ಲಿ. 1469ರಲ್ಲಿ ಸ್ಪೈಯರ್ ಊರಿನ ಯೋಹಾನ್ ಎಂಬ ಜರ್ಮನನು ಅಲ್ಲಿ ಮೊದಲು ಮುದ್ರಣ ಆರಂಭಿಸಿದಾಗ, ಐದು ವರ್ಷ ಅವನೊಬ್ಬನೇ ಆ ಕಸಬು ನಡೆಸಬೇಕೆಂದು ಸರ್ಕಾರ ಅಪ್ಪಣೆ ಕೊಟ್ಟಿತು. ಮರುವರ್ಷವೇ ಅವನು ತೀರಿಕೊಂಡ. ಹಕ್ಕೂ ಅವನೊಡನೆ ಹೋಯಿತು. ಬಾಗಿಲು ಎಲ್ಲರಿಗೂ ತೆರೆಯಿತು. ಹಣ ಹೂಡುವ ವರ್ತಕರು, ಸರಕು ಸಾಗಿಸುವ ಹಡಗುಗಳು, 1453ರಲ್ಲಿ ಕಾನ್‌ಸ್ಟಾಂಟಿನೋಪಲ್ ತುರ್ಕರ ಕೈಸೇರಿದ ಮೇಲೆ ವಲಸೆ ಬಂದ ಗ್ರೀಕ್ ಪಂಡಿತರು, ಎಲ್ಲವೂ ಅಲ್ಲಿದ್ದವು.

ಅಂಥ ಊರಿಗೆ 1490ರ ಸುಮಾರಿನಲ್ಲಿ ಆಲ್ಡಸ್ ಮನೂಷಿಯಸ್ ಬಂದ. ಮೂಲತಃ ಪಾಠ ಹೇಳುವ ಮೇಷ್ಟ್ರು. 1495ರಿಂದ 1498ರವರೆಗೆ ಅರಿಸ್ಟಾಟಲನನ್ನು ಗ್ರೀಕಿನಲ್ಲೇ ಐದು ದೊಡ್ಡ ಸಂಪುಟಗಳಲ್ಲಿ ಅಚ್ಚುಹಾಕಿಸಿದ. 1501ರಲ್ಲಿ ಅವನು ಹೊರತಂದ ವರ್ಜಿಲ್ ಕವಿಯ ಪುಸ್ತಕವಾದರೋ ಅಂಗೈಯಲ್ಲಿ ಹಿಡಿದು ಓದುವಷ್ಟು ಚಿಕ್ಕದು. ಟೀಕೆಯಿಲ್ಲ, ಟಿಪ್ಪಣಿಯಿಲ್ಲ, ಕವಿಯ ಮಾತು ಮಾತ್ರ. ವ್ಯಾಖ್ಯಾನಗಳ ಕಾಡಿನಲ್ಲಿ ಕಾವ್ಯವನ್ನೇ ಕಳೆದುಕೊಳ್ಳುವ ವಿದ್ಯಾರ್ಥಿಗಳನ್ನು ದಿನವೂ ಕಾಣುವ ನನಗೆ, ಆ ಮೇಷ್ಟರಿಗೆ ಕೈಮುಗಿಯೋಣವೆನ್ನಿಸುತ್ತದೆ.

ಆ ಪುಸ್ತಕದ ಅಕ್ಷರಗಳೇ ಇಟ್ಯಾಲಿಕ್. ವಿದ್ವಾಂಸರು ಸರಸರನೆ ಬರೆಯುತ್ತಿದ್ದ ಕೈಬರಹದ ಓರೆ ಇಲ್ಲಿ ಮೊಳೆಗೆ ಇಳಿದಿತ್ತು. ಸಣ್ಣ ಅಕ್ಷರಗಳಷ್ಟೇ ಬಾಗಿದ್ದವು. ದೊಡ್ಡ ಅಕ್ಷರಗಳು ಇನ್ನೂ ನೆಟ್ಟಗೇ ನಿಂತಿದ್ದವು. ಇಳಿಸಿದವನು ಆಲ್ಡಸ್ ಅಲ್ಲ, ಬೊಲೋನಾದ ಅಕ್ಕಸಾಲಿಗನೊಬ್ಬನ ಮಗ ಫ್ರಾಂಚೆಸ್ಕೊ ಗ್ರಿಫೊ. ಉಕ್ಕಿನ ಕಂಬಿಯ ತುದಿಯಲ್ಲಿ ಅಕ್ಷರವನ್ನು ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗಾಗಿ ಕೊರೆಯಬೇಕು. ಅದನ್ನು ಹದಗೊಳಿಸಿ ತಾಮ್ರದ ತುಂಡಿಗೆ ಹೊಡೆದರೆ ಕುಳಿ ಬೀಳುತ್ತದೆ. ಆ ಕುಳಿಗೆ ಕರಗಿದ ಸೀಸದ ಮಿಶ್ರಲೋಹ ಹೊಯ್ದರೆ ಮೊಳೆ. ಕೂದಲೆಳೆಯಷ್ಟು ಕೈ ತಪ್ಪಿದರೂ ಆ ದೋಷ ಎಲ್ಲ ಪುಟಗಳಲ್ಲಿಯೂ ಎದ್ದು ಕಾಣುವ ಕೆಲಸವಿದು.

ಆಲ್ಡಸ್ ಕೃತಘ್ನನೇನೂ ಅಲ್ಲ. ವರ್ಜಿಲ್ ಪುಸ್ತಕದ ಆರಂಭದಲ್ಲಿ ಮೂರು ಸಾಲಿನ ಪದ್ಯ ಹಾಕಿ ಗ್ರಿಫೊನ ಕೈಚಳಕವನ್ನು ಕೊಂಡಾಡಿದ್ದಾನೆ. ಆದರೆ ಮರುವರ್ಷ ವೆನಿಸ್ಸಿನ ಸೆನೆಟ್ ಸಭೆ ಈ ಅಕ್ಷರಗಳ ಹಕ್ಕನ್ನು ಬರೆದುಕೊಟ್ಟದ್ದು ಆಲ್ಡಸನ ಹೆಸರಿಗೆ. ಆ ರಾಜ್ಯದ ಎಲ್ಲೆಯೊಳಗೆ ಬೇರೆ ಯಾರೂ ಅವನ್ನು ಅನುಕರಿಸಕೂಡದು. ಕೊರೆದವನಿಗೆ ದಕ್ಕಿದ್ದು ಆ ಮೂರು ಸಾಲು.

ಗ್ರಿಫೊ ವೆನಿಸ್ ಬಿಟ್ಟ. ಫಾನೊ ಊರಿನಲ್ಲಿ ಗೆರ್ಷೋಮ್ ಸೊಂಚೀನೊ ಎಂಬ ಯಹೂದಿ ಮುದ್ರಕನಿಗೆ ಮತ್ತೊಂದು ಓರೆ ಅಕ್ಷರ ಕೊರೆದುಕೊಟ್ಟ. 1503ರಲ್ಲಿ ಅಚ್ಚಾದ ಪೆಟ್ರಾರ್ಕನ ಪುಸ್ತಕದಲ್ಲಿ ಸೊಂಚೀನೊ, ಆಲ್ಡಸನ ಅಕ್ಷರಗಳನ್ನೆಲ್ಲ ಕಂಡುಹಿಡಿದವನು ಗ್ರಿಫೊನೇ ಎಂದು ನೇರವಾಗಿ ಬರೆದ. ಅತ್ತ ಫ್ರಾನ್ಸಿನ ಲಿಯೋನ್ ಮುದ್ರಕರಿಗೆ ವೆನಿಸ್ಸಿನ ಅಪ್ಪಣೆ ಲೆಕ್ಕಕ್ಕಿರಲಿಲ್ಲ. ಆಲ್ಡಸನ ಪುಸ್ತಕಗಳನ್ನು ಹಾಗೆಯೇ ನಕಲುಮಾಡಿದರು. ನಕಲನ್ನು ಗುರುತಿಸಲೆಂದು ಆಲ್ಡಸ್ 1503ರಲ್ಲಿ ಅದರ ತಪ್ಪುಗಳ ಪಟ್ಟಿ ಪ್ರಕಟಿಸಿದ. ಅವರು ಆ ಪಟ್ಟಿ ನೋಡಿಕೊಂಡೇ ತಮ್ಮ ತಪ್ಪುಗಳನ್ನು ತಿದ್ದಿಕೊಂಡರಂತೆ! ಬಿಟ್ಟಿಯಾಗಿ ಕರಡು ತಿದ್ದಿಕೊಟ್ಟಂತಾಯಿತು.

ಆಲ್ಡಸ್ 1515ರಲ್ಲಿ ತೀರಿಕೊಂಡ. ಗ್ರಿಫೊ ಬೊಲೋನಾಕ್ಕೆ ಮರಳಿ 1516ರಲ್ಲಿ ತಾನೇ ಪುಟ್ಟ ಪುಸ್ತಕಗಳನ್ನು ಅಚ್ಚುಹಾಕತೊಡಗಿದ. ಅನಂತರ ನಮಗೆ ಅವನು ಸಿಕ್ಕುವುದು ನ್ಯಾಯಾಲಯದ ದಾಖಲೆಯಲ್ಲಿ. ಜಗಳದಲ್ಲಿ ಅಳಿಯನನ್ನು ಕಬ್ಬಿಣದ ಸಲಾಕೆಯಿಂದ ಹೊಡೆದು ಕೊಂದನೆಂಬ ಆಪಾದನೆ. ಅಲ್ಲಿಂದಾಚೆಗೆ ಅವನ ಸುದ್ದಿಯಿಲ್ಲ.

1496ರಲ್ಲಿ ಆಲ್ಡಸ್ ಪ್ರಕಟಿಸಿದ, ಪಿಯೆತ್ರೊ ಬೆಂಬೊ ಬರೆದ ಎಟ್ನಾ ಪರ್ವತದ ಮೇಲಿನ ಚಿಕ್ಕ ಪುಸ್ತಕಕ್ಕೂ ನೆಟ್ಟನೆಯ ಅಕ್ಷರ ಕೊರೆದವನು ಇದೇ ಗ್ರಿಫೊ. 1929ರಲ್ಲಿ ಇಂಗ್ಲೆಂಡಿನ ಮಾನೊಟೈಪ್ ಕಂಪನಿ ಅದೇ ಅಕ್ಷರವನ್ನು ಮಾದರಿಯಾಗಿಟ್ಟುಕೊಂಡು ಹೊಸ ಮೊಳೆ ಮಾಡಿತು. ಅದಕ್ಕೆ ಇಟ್ಟ ಹೆಸರು ‘ಬೆಂಬೊ’.