ಮಗುವಿನ ಹಲ್ಲು ಯಾರ ಕೈಯಲ್ಲಿ? ಮಿಶ್ರಿಯಿಂದ ಕೂಸಿನ ಮನೆವರೆಗೆ

ನಮ್ಮ ದಿಗ್ಗೇವಾಡಿ ಕಡೆ ಕಬ್ಬಿನ ಹಂಗಾಮು ಶುರುವಾದರೆ ಅವ್ವಂದಿರು ನಸುಕಿನಲ್ಲೇ ಹೊಲಕ್ಕೆ ಹೊರಡುತ್ತಾರೆ. ಸಣ್ಣ ಮಕ್ಕಳು ಆಯಿಯ ಹತ್ತಿರ, ಇಲ್ಲವೇ ನೆರೆಮನೆಯಲ್ಲಿ ಉಳಿಯುತ್ತವೆ. ಒಂದೇ ಮನೆಯಲ್ಲಿ ನಾಲ್ಕೈದು ಮಕ್ಕಳು ಸೇರಿದರೆ ಅವುಗಳ ಹಲ್ಲುಜ್ಜಿಸುವವರು ಯಾರು? ಯಾವುದರಿಂದ? ಸಣ್ಣ ಪ್ರಶ್ನೆ ಅನಿಸಬಹುದು. ಆದರೆ ಇದರ ಹಿಂದೆ ನೂರು ವರ್ಷದ ಕಥೆ ಇದೆ. ಅದರಲ್ಲಿ ನಿಪ್ಪಾಣಿಯ ತಂಬಾಕೂ ಬರುತ್ತದೆ, ಸರ್ಕಾರದ ಕಾನೂನೂ ಬರುತ್ತದೆ.

ಮೊದಲು ನಮ್ಮಲ್ಲಿ ಬೇವಿನ ಕಡ್ಡಿ, ಜಾಲಿ ಕಡ್ಡಿ, ಇದ್ದಿಲು, ಬೂದಿ, ಉಪ್ಪು ಇದ್ದವು. ಕಡ್ಡಿ ಜಗಿಯುವುದು ದೊಡ್ಡವರ ಕೆಲಸ. ಕೂಸಿಗೆ ಹಾಲುಹಲ್ಲು ಬಂದಾಗ ದೊಡ್ಡವರ ಬೆರಳೇ ಬ್ರಷ್. ಆಮೇಲೆ ಅಂಗಡಿಯ ಹಲ್ಲುಪುಡಿ ಬಂತು. ಮೈಸೂರು ಸೀಮೆಯಲ್ಲಿ ಬಿ.ವಿ. ಪಂಡಿತರು 1913ರಲ್ಲಿ ಸದ್ವೈದ್ಯಶಾಲೆ ಆರಂಭಿಸಿದರು. ಅಲ್ಲಿನ ನಂಜನಗೂಡು ಹಲ್ಲುಪುಡಿ ಮನೆಮಾತಾಯಿತು. ಪುಡಿ ಬಂದರೂ ಪದ್ಧತಿ ಬದಲಾಗಲಿಲ್ಲ. ಮನೆಗೆಲ್ಲ ಒಂದೇ ಡಬ್ಬಿ, ಮಕ್ಕಳಿಗೆಲ್ಲ ಒಂದೇ ಬೆರಳು.

ಬ್ರಷ್ ಮೊದಲು ಹಂದಿ ಕೂದಲಿನಿಂದ ಆಗುತ್ತಿತ್ತು. ನೈಲಾನ್ ಎಳೆಯ ಬ್ರಷ್ ಅಮೆರಿಕದಲ್ಲಿ ಮಾರಾಟಕ್ಕೆ ಬಂದದ್ದು 1938ರಲ್ಲಿ. ಅದು ಹಳ್ಳಿಯ ಬಚ್ಚಲಿಗೆ ಬರಲು ದಶಕಗಳೇ ಬೇಕಾದವು. ಬ್ರಷ್ ತಂದ ದೊಡ್ಡ ಬದಲಾವಣೆ ಅಂದರೆ, ಹಲ್ಲುಜ್ಜುವ ವಸ್ತು ಒಬ್ಬೊಬ್ಬರ ಸ್ವಂತದ್ದಾಯಿತು.

ಈ ನಡುವೆ ನಮ್ಮ ಗಡಿಭಾಗಕ್ಕೆ ಇನ್ನೊಂದು ಚಟ ಅಂಟಿತ್ತು. ತಂಬಾಕನ್ನು ಹಂಚಿನ ಮೇಲೆ ಕರ್ರಗೆ ಹುರಿದು ಪುಡಿ ಮಾಡುವುದು, ಅದರಿಂದ ಹಲ್ಲು, ಒಸಡು ಉಜ್ಜುವುದು. ಅದೇ ಮಿಶ್ರಿ, ಕೆಲವರ ಬಾಯಲ್ಲಿ ಮಶೇರಿ. ಹಲ್ಲುಜ್ಜಲು ಶುರುವಾದದ್ದು ದಿನಕ್ಕೆ ನಾಲ್ಕು ಸಲದ ಚಟವಾಗುತ್ತದೆ. ಬೀಡಿ ತಂಬಾಕಿಗೆ ಹೆಸರಾದ ನಿಪ್ಪಾಣಿ ನಮ್ಮ ಪಕ್ಕದಲ್ಲೇ ಇದೆ. ತಂಬಾಕು ಬೆರೆಸಿದ ಹಲ್ಲುಪುಡಿ ಮತ್ತು ಪೇಸ್ಟನ್ನು ಕೇಂದ್ರ ಸರ್ಕಾರ 1992ರಲ್ಲಿ ನಿಷೇಧಿಸಿತು. 1997ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಆದರೆ ಆ ನಿಷೇಧ ಅಂಗಡಿಯ ಡಬ್ಬಿಗೆ. ಮನೆಯ ಹಂಚಿನ ಮೇಲೆ ಹುರಿಯುವ ಪುಡಿಯನ್ನು ಯಾವ ಅಧಿಕಾರಿ ಬಂದು ನೋಡುತ್ತಾನೆ? ಮಗು ಕಲಿಯುವುದು ನೋಡಿ. ಆಯಿ ಬೆರಳಿಗೆ ಮಿಶ್ರಿ ಹಚ್ಚಿಕೊಂಡರೆ ಮಗುವಿಗೂ ಅದೇ ಹಲ್ಲುಪುಡಿ ಅನಿಸುತ್ತದೆ.

ಆಯಿಯನ್ನು ಬೈದು ಪ್ರಯೋಜನವಿಲ್ಲ. ದುಡಿಯುವ ತಾಯಿಯ ಮಗುವನ್ನು ನೋಡಿಕೊಳ್ಳುವ ಹೊಣೆ ಊರಿನದೂ ಹೌದು, ಸರ್ಕಾರದ್ದೂ ಹೌದು. ಕಾನೂನು ಇದನ್ನು ಬಹಳ ಹಿಂದೆಯೇ ಒಪ್ಪಿದೆ. 1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆಯಲ್ಲಿ, ಹೆಣ್ಣಾಳುಗಳು ಹೆಚ್ಚಿರುವ ಕಾರ್ಖಾನೆಯಲ್ಲಿ ಆರು ವರ್ಷದೊಳಗಿನ ಮಕ್ಕಳಿಗೆ ಕೋಣೆ ಇರಬೇಕು ಎಂದಿತ್ತು. ಆದರೆ ಕಾಗದದ ಹಕ್ಕು ಕೈಗೆ ತಾನಾಗಿ ಬರುವುದಿಲ್ಲ. ನಿಪ್ಪಾಣಿಯ ತಂಬಾಕು ಕಾರ್ಖಾನೆಗಳ ಹೆಣ್ಣುಮಕ್ಕಳು ತಮ್ಮ ಹಕ್ಕಿಗಾಗಿ ಸಂಘಟಿತರಾಗಿ ಹೋರಾಡಿದ ಕಥೆಯನ್ನು 'ತಂಬಾಕು ಚಾಕಿಲಾ ಊಬ್ ಆಲಿ' ಎಂಬ 1982ರ ಸಾಕ್ಷ್ಯಚಿತ್ರ ಹಿಡಿದಿಟ್ಟಿದೆ.

ಹಳ್ಳಿಯ ಮಕ್ಕಳಿಗೆ ಅಂಗನವಾಡಿ ಬಂದದ್ದು 1975ರ ಅಕ್ಟೋಬರ್ 2ರಂದು ಶುರುವಾದ ಯೋಜನೆಯಿಂದ. ಕರ್ನಾಟಕದಲ್ಲಿ ಅದರ ಮೊದಲ ಜಾಗ ಟಿ. ನರಸೀಪುರ. 2005ರ ಉದ್ಯೋಗ ಖಾತ್ರಿ ಕಾಯ್ದೆ, ಕೆಲಸದ ಜಾಗದಲ್ಲಿ ಆರು ವರ್ಷದೊಳಗಿನ ಐದು ಮಕ್ಕಳಿದ್ದರೆ ನೋಡಿಕೊಳ್ಳಲು ಒಬ್ಬ ಹೆಣ್ಣುಮಗಳನ್ನು ನೇಮಿಸಬೇಕು ಎಂದಿತು. 2023-24ರ ಬಜೆಟ್‌ನಲ್ಲಿ ರಾಜ್ಯ ಸರ್ಕಾರ 4,000 ಗ್ರಾಮ ಪಂಚಾಯಿತಿಗಳಿಗೆ 'ಕೂಸಿನ ಮನೆ' ಘೋಷಿಸಿತು. ಹೀಗೆ ಮಗು ಅವ್ವನ ಕೈಯಿಂದ ಆಯಿಯ ಕೈಗೆ, ಅಲ್ಲಿಂದ ಆರೈಕೆದಾರರ ಕೈಗೆ ಬಂತು. ಹಲ್ಲಿನ ಹೊಣೆಯೂ ಜೊತೆಗೇ ಬಂತು.

ಇಲ್ಲಿ ವಿಜ್ಞಾನದ ಮಾತು ಕೇಳಬೇಕು. ಹುಳುಕು ಹಲ್ಲಿನಲ್ಲಿರುವ ಒಂದು ರೋಗಾಣುವನ್ನು ಕ್ಲಾರ್ಕ್ ಎಂಬ ವಿಜ್ಞಾನಿ 1924ರಲ್ಲಿ ಇಂಗ್ಲೆಂಡಿನಲ್ಲಿ ಗುರುತಿಸಿದರು. ಅದೇ ಸ್ಟ್ರೆಪ್ಟೋಕಾಕಸ್ ಮ್ಯೂಟನ್ಸ್. 1960ರಲ್ಲಿ ಅಮೆರಿಕದ ಪಾಲ್ ಕೀಸ್, ಹ್ಯಾಮ್‌ಸ್ಟರ್ ಎಂಬ ಇಲಿಜಾತಿಯ ಪ್ರಾಣಿಗಳಲ್ಲಿ ಹುಳುಕು ಒಂದರಿಂದ ಇನ್ನೊಂದಕ್ಕೆ ಹರಡುವುದನ್ನು ತೋರಿಸಿದರು. ಹುಳುಕು ಬರೀ ಬೆಲ್ಲ, ಚಾಕಲೇಟಿನಿಂದಲ್ಲ. ಸಿಹಿಯೂ ಬೇಕು, ರೋಗಾಣುವೂ ಬೇಕು. ಆ ರೋಗಾಣು ಜೊಲ್ಲಿನ ಜೊತೆ ಬಾಯಿಂದ ಬಾಯಿಗೆ ದಾಟುತ್ತದೆ. ಮಕ್ಕಳಿಗೆಲ್ಲ ಒಂದೇ ಬೆರಳು, ಒಂದೇ ಬ್ರಷ್ ಆದರೆ ಅದಕ್ಕೆ ದಾರಿ ಮಾಡಿಕೊಟ್ಟಂತೆ.

ಸ್ಕಾಟ್‌ಲ್ಯಾಂಡಿನಲ್ಲಿ 2006ರಲ್ಲಿ ಶುರುವಾದ 'ಚೈಲ್ಡ್‌ಸ್ಮೈಲ್' ಯೋಜನೆಯಡಿ ಶಿಶುವಿಹಾರದಲ್ಲೇ ದಿನವೂ ಹಲ್ಲುಜ್ಜಿಸುತ್ತಾರೆ. ಅಲ್ಲಿನ ಕ್ರಮಕ್ಕೆ ದೊಡ್ಡ ಖರ್ಚಿಲ್ಲ. ನಮ್ಮ ಮನೆಗಳಲ್ಲೂ ಹೀಗೆ ಮಾಡಬಹುದು:

ಪ್ರತಿ ಮಗುವಿಗೂ ಸ್ವಂತ ಬ್ರಷ್ ಇರಲಿ. ಹೆಸರು ಓದಲು ಬಾರದಿದ್ದರೆ ಹಿಡಿಕೆಗೆ ಬೇರೆ ಬೇರೆ ಬಣ್ಣದ ನೇಲ್ ಪಾಲಿಶ್ ಹಚ್ಚಿ ಗುರುತು ಮಾಡಿ.

ಪೇಸ್ಟ್ ಟ್ಯೂಬನ್ನು ಬ್ರಷ್‌ಗೆ ತಾಗಿಸಬೇಡಿ. ಶುದ್ಧ ತಟ್ಟೆಯ ಮೇಲೆ ಬೇರೆ ಬೇರೆ ಚುಕ್ಕೆ ಹಾಕಿ, ಅದರಿಂದ ತೆಗೆದುಕೊಳ್ಳಿ. ಮೂರು ವರ್ಷದೊಳಗಿನ ಮಗುವಿಗೆ ಅಕ್ಕಿಕಾಳಿನಷ್ಟು, ಮೂರರಿಂದ ಆರು ವರ್ಷದವರಿಗೆ ಬಟಾಣಿಯಷ್ಟು ಸಾಕು.

ಒಂದು ಮಗುವಿಗೆ ಉಜ್ಜಿದ ಮೇಲೆ ಸಾಬೂನಿನಿಂದ ಕೈ ತೊಳೆದು ಇನ್ನೊಂದಕ್ಕೆ ಉಜ್ಜಿ.

ಬ್ರಷ್‌ಗಳನ್ನು ಹರಿಯುವ ನೀರಿನಲ್ಲಿ ತೊಳೆದು, ಒಂದಕ್ಕೊಂದು ತಾಗದಂತೆ ನೆಟ್ಟಗೆ ನಿಲ್ಲಿಸಿ ಗಾಳಿಗೆ ಒಣಗಿಸಿ. ಒದ್ದೆಯಾಗಿ ಡಬ್ಬಿಯಲ್ಲಿ ಮುಚ್ಚಿಡಬೇಡಿ. ಅದಲುಬದಲಾದ ಬ್ರಷ್ ಎಸೆದುಬಿಡಿ. ಮೂರ್ನಾಲ್ಕು ತಿಂಗಳಿಗೊಮ್ಮೆ ಹೊಸದು ತನ್ನಿ.

ಮಿಶ್ರಿ ಡಬ್ಬಿ ಮಕ್ಕಳ ಕಣ್ಣಿಗೂ ಕೈಗೂ ಸಿಗಬಾರದು.

ಹಾಲುಹಲ್ಲು ಹೇಗೂ ಬಿದ್ದುಹೋಗುತ್ತದೆ ಎನ್ನುವವರು ಇದ್ದಾರೆ. ಬೀಳುವ ತನಕ ಮಗು ಅದರಲ್ಲೇ ರೊಟ್ಟಿ ಅಗಿಯಬೇಕು, ಮಾತು ಕಲಿಯಬೇಕು. ನಿಮ್ಮ ಪಂಚಾಯಿತಿಯಲ್ಲಿ ಕೂಸಿನ ಮನೆ ಇದೆಯೇ ಎಂದು ಮುಂದಿನ ಗ್ರಾಮಸಭೆಯಲ್ಲಿ ಕೇಳಿ. ಇದ್ದರೆ, ಅಲ್ಲಿ ಮಕ್ಕಳ ಸಂಖ್ಯೆಯಷ್ಟು ಬ್ರಷ್ ಇವೆಯೇ ಎಂದೂ ಕೇಳಿ.